ಮೊನೆ ತೆಗೆದ ಗಾಳ

ಚಿಕ್ಕೋಡಿಯ ನಮ್ಮ ಓಣಿಗೆ ಈಗಲೂ ಒಮ್ಮೊಮ್ಮೆ ಸಾಣೆಯವನು ಸೈಕಲ್ ತಳ್ಳಿಕೊಂಡು ಬರುತ್ತಾನೆ. ಕಲ್ಲಿಗೆ ಕಬ್ಬಿಣ ತಾಗಿ ಕಿರ್ರೆಂದರೆ ನೆರೆಯವರು ಚಾಕು, ಕತ್ತರಿ ಹಿಡಿದು ಹೊರಗೆ ಬರುತ್ತಾರೆ, ನಾನು ಬಾಗಿಲು ಹಾಕಿಕೊಳ್ಳುತ್ತೇನೆ. ನಿಮಗೂ ಇಂಥದೊಂದು ಸದ್ದು ಇದ್ದೀತು, ಈಗಿಲ್ಲದ ಮನೆಯೊಳಗೆ ಒಯ್ದು ನಿಲ್ಲಿಸುವಂಥದು. ನನ್ನನ್ನು ಅದು ಸದಲಗಾದ ಹತ್ತಿರ ದೂಧಗಂಗೆಯ ದಂಡೆಯ ಮೇಲಿದ್ದ, ಮೀನು, ಸೀಮೆಎಣ್ಣೆ, ಹಸಿ ಮಣ್ಣು ಎಲ್ಲ ಸೇರಿ ನಾರುತ್ತಿದ್ದ ನಮ್ಮ ಹೆಂಚಿನ ಮನೆಗೆ ಒಯ್ಯುತ್ತದೆ. ಹೊಳೆ ಏರಿದ ಒಂದು ವರ್ಷ ಅದರ ಗೋಡೆಗಳು ಕರಗಿ ಕೂತವು. ಈಗ ಅಲ್ಲಿ ಕಬ್ಬು ಬೆಳೆಯುತ್ತಾರೆ.

ಅಪ್ಪ ಮೀನು ಹಿಡಿಯುವವನು, ಅದರಲ್ಲೂ ಗೆಂಡೆ ಮೀನು. ಸಂಜೆ ಅಂಗಳದಲ್ಲಿ ಕೂತು ಒಂದೊಂದೇ ಗಾಳವನ್ನು ಕರಿಕಲ್ಲಿಗೆ ಉಜ್ಜಿ, ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡುತ್ತಿದ್ದ. ಜಾರಿದರೆ ಮತ್ತೆ ಕಲ್ಲಿಗೆ, ಉಗುರನ್ನು ಕಚ್ಚಿದರೆ ಡಬ್ಬಿಗೆ. ಗೆಂಡೆ ಬಲು ಜಾಣ ಮೀನು. ಬೆಲ್ಲ ಬೆರೆಸಿದ ಜೋಳದ ಹಿಟ್ಟನ್ನು ಬಾಯೊಳಗೆ ಎಳೆದುಕೊಳ್ಳುತ್ತದೆ, ಗಟ್ಟಿ ಏನೋ ತಾಗಿತೆಂದರೆ ಉಗುಳಿಬಿಡುತ್ತದೆ. ಅಷ್ಟರೊಳಗೆ ಮೊನೆ ಅದರ ತುಟಿಯಲ್ಲಿ ನಾಟಿರಬೇಕು. ಅಪ್ಪನ ಗಡ್ಡಕ್ಕೆ ಮೊಂಡು ಬ್ಲೇಡು ನಡೆಯುತ್ತಿತ್ತು, ಅವ್ವನ ಈಳಿಗೆಯನ್ನಂತೂ ಅವನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಗಾಳಕ್ಕೆ ಸಿಕ್ಕ ಮರ್ಯಾದೆ ತನಗಿಲ್ಲವೆಂದು ಅವ್ವ ಗೊಣಗುತ್ತಿದ್ದಳು, ಅಕ್ಕ ಸುನಂದಾ ಬಿದ್ದು ಬಿದ್ದು ನಗುತ್ತಿದ್ದಳು.

ನಮ್ಮ ಕಡೆ ಯಾರಾದರೂ ಹೊಳೆಪಾಲಾದರೆ ಮೊದಲು ಗಾಳದವರಿಗೆ ಹೇಳಿಕಳಿಸುತ್ತಾರೆ. ಉದ್ದ ಹಗ್ಗಕ್ಕೆ ಸಾಲಾಗಿ ದೊಡ್ಡ ಗಾಳಗಳನ್ನು ಕಟ್ಟಿ, ದೋಣಿಯಿಂದ ನೀರಿನ ತಳದಲ್ಲಿ ಎಳೆಯುವ ಕೆಲಸ ಅದು. ಎಷ್ಟೋ ಮಂದಿಯ ಮಕ್ಕಳನ್ನು ಅಪ್ಪ ಹಾಗೆ ಮೇಲೆ ತಂದುಕೊಟ್ಟಿದ್ದ. ಆ ಮನೆಗಳಲ್ಲಿ ಅವನು ನೀರನ್ನೂ ಕುಡಿಯುತ್ತಿರಲಿಲ್ಲ.

ಒಂದು ಮಳೆಗಾಲ ಅರಿವೆ ಒಗೆಯಲು ಹೋದ ಅಕ್ಕನೇ ಕಾಲು ಜಾರಿ ಹೊಳೆಪಾಲಾದಳು. ದೊಡ್ಡಪ್ಪ ದೋಣಿ ತಂದು ಕೂಗಿದಾಗ ಅಪ್ಪ ಅಂಗಳದಲ್ಲಿ ಕಲ್ಲಿನ ಮುಂದೆ ಕೂತಿದ್ದ. ಹರಿತ ಮಾಡುತ್ತಿದ್ದಾನೆಂದೇ ನಾನು ತಿಳಿದೆ. ಆದರೆ ಅವನು ಮೊನೆಯನ್ನು ನೆಟ್ಟಗೆ ಕಲ್ಲಿಗೆ ಒತ್ತಿ, ಮೊಂಡಾಗುವಂತೆ ಉಜ್ಜುತ್ತಿದ್ದ. ಉಗುರಿನ ಮೇಲೆ ಎಳೆದು, ಜಾರಿದ ಗಾಳವನ್ನಷ್ಟೇ ಹಗ್ಗಕ್ಕೆ ಕಟ್ಟುತ್ತಿದ್ದ. ದೊಡ್ಡಪ್ಪ ಒಂದನ್ನು ಮುಟ್ಟಿ ನೋಡಿದ.

"ಏನ್ ಮಾಡಾಕತ್ತೀಯೋ ತಮ್ಮಾ? ಮೊನಿ ಇಲ್ಲದ ಗಾಳಕ್ಕ ಏನ್ ಸಿಗತೈತಿ?"

"ಆಕಿ ಮಾರಿಗೆ ಚುಚ್ಚತೈತಿ, ಅಣ್ಣಾ," ಎಂದ ಅಪ್ಪ, ತನ್ನ ಮುಖ ಮುಟ್ಟಿಕೊಂಡು.

ದೊಡ್ಡಪ್ಪ ಗಾಳವನ್ನು ಕೆಳಗಿಟ್ಟು ದೋಣಿಯ ಕಡೆ ನಡೆದ. ಹೊಸ್ತಿಲಲ್ಲಿ ಕೂತಿದ್ದ ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು.

ಹೊಳೆಯ ತಿರುವಿನಲ್ಲಿ ಹಗ್ಗ ಭಾರವಾಯಿತಂತೆ. ನಿದ್ದೆಯಲ್ಲಿರುವ ಕೂಸನ್ನು ಎತ್ತಿಕೊಳ್ಳುವಂತೆ ಅಪ್ಪ ಮೆಲ್ಲಗೆ ಎಳೆದನಂತೆ. ಕೆಂಪು ನೀರಿನಲ್ಲಿ ಅವಳ ಹಳದಿ ಲಂಗ ಕಂಡಿತು, ಅಷ್ಟರಲ್ಲೇ ಹಗ್ಗ ಹಗುರಾಯಿತು ಎಂದು ದೊಡ್ಡಪ್ಪ ಹೇಳುತ್ತಿದ್ದ. ಮರುದಿನ ಬೇರೆ ಊರಿನವರು ಹರಿತ ಗಾಳ ತಂದು ತಳವೆಲ್ಲ ಗೋರಿದರು. ಹೊಳೆ ಆಗಲೇ ಅವಳನ್ನು ಕೃಷ್ಣೆಗೆ ಒಯ್ದಿತ್ತು. ದಂಡೆಯ ಕಲ್ಲಿನ ಮೇಲೆ ಅವಳು ಹಿಂಡಿಟ್ಟಿದ್ದ ಅರಿವೆಗಳನ್ನೇ ಮಣ್ಣು ಮಾಡಿ ಬಂದೆವು. ಅಪ್ಪ ಆಮೇಲೆ ಕಬ್ಬು ಕಡಿಯಲು ಹೋದ, ಹೊಳೆಯ ಕಡೆ ಹಾಯಲಿಲ್ಲ. ನನಗೆ ಅವನ ಮೇಲೆ ಸಿಟ್ಟೂ ಬರುತ್ತದೆ, ಕನಿಕರವೂ ಬರುತ್ತದೆ. ಯಾವುದು ಹೆಚ್ಚೆಂದು ಇಂದಿಗೂ ಹೇಳಲಾರೆ.

ಅವ್ವ ಆ ಗಾಳದ ಮಾತನ್ನು ಎಂದೂ ಎತ್ತಲಿಲ್ಲ. ಅಪ್ಪ ತೀರಿಕೊಂಡ ದಿನ, ಎಲ್ಲರೂ ಅಳುತ್ತಿದ್ದಾಗ, ಅವಳು ಅವನ ತಲೆಯ ಬಳಿ ಕೂತು ಅವನಿಗಷ್ಟೇ ಕೇಳುವಂತೆ ಹೇಳಿದಳು. ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಚುಚ್ಚಿದ್ರ ಚುಚ್ಚತಿತ್ತು. ನನ್ನ ಮಗಳ ಮಾರಿ ನನಗ ನೋಡಾಕ ಸಿಗತಿತ್ತು."

ಹೇಳಿ, ಅವನ ಗಲ್ಲವನ್ನು ಎಷ್ಟೋ ಹೊತ್ತು ಸವರುತ್ತ ಕೂತಳು.