ಗಾಡಿಯಲ್ಲಿ ಗೆದ್ದ ಪಾಳೆಗಾರ

ದುರ್ಗದ ಕೊನೆಯ ಪಾಳೆಗಾರನ ಮೇಲೆ ಮಾಸಪತ್ರಿಕೆಯೊಂದಕ್ಕೆ ಲೇಖನ ಬರೆದಿದ್ದೆ. ಎತ್ತಿನ ಗಾಡಿಯಲ್ಲಿ ಹೊಳಲ್ಕೆರೆಗೆ ಹೋಗುವಾಗ ಹೊತ್ತು ಹೋಗಲೆಂದು ಅದನ್ನು ಗಟ್ಟಿಯಾಗಿ ಓದತೊಡಗಿದೆ. ಗಾಡಿ ಹೊಡೆಯುತ್ತಿದ್ದ ಮುದುಕ ತಲೆದೂಗುತ್ತಾ ಕೇಳಿದ. ಕೇಳುವವರೊಬ್ಬರು ಸಿಕ್ಕರೆಂದು ನಾನೂ ಉಬ್ಬಿದೆ. ಕೋಟೆ ಬಿದ್ದು ಪಾಳೆಗಾರ ಸೆರೆಯಾದ ಕಡೆ ಬರುತ್ತಲೇ ಆತ ಗಾಡಿ ನಿಲ್ಲಿಸಿಬಿಟ್ಟ.

“ಸೋಲಿಸಬ್ಯಾಡ್ರಿ ಸ್ವಾಮಿ. ಗೆದ್ದ ಅಂತ ಬರೀರಿ.”

“ಇದು ಚರಿತ್ರೆಯಪ್ಪಾ. ಸೋತವನನ್ನು ಗೆದ್ದ ಅಂತ ಬರೆಯೋಕಾಗುತ್ತಾ?”

“ಸೋತಿದ್ದು ನಮಗೆಲ್ಲಾ ಗೊತ್ತೈತೆ. ಅದನ್ನೇ ಬರೆಯಾಕೆ ನೀವ್ಯಾಕೆ ಬೇಕು?”

ಹೊತ್ತಾಯಿತು, ಗಾಡಿ ಹೊಡಿ ಎಂದೆ. ಆತ ಎತ್ತು ಬಿಚ್ಚಿ ಮೇಯಲು ಬಿಟ್ಟು, ಬೇವಿನ ನೆರಳಲ್ಲಿ ಹಾಯಾಗಿ ಕುಳಿತ. ನೆತ್ತಿ ಸುಡುವ ಬಿಸಿಲು, ಕಣ್ಣಳತೆಯಲ್ಲಿ ಒಂದು ಊರಿಲ್ಲ. ಕೊನೆಗೆ ಪೆನ್ಸಿಲ್ ತೆಗೆದು, ‘ಸೋತ’ ಎಂಬುದನ್ನು ಹೊಡೆದುಹಾಕಿ ‘ಗೆದ್ದ’ ಎಂದು ಬರೆದೆ. ಓದು ಬಾರದ ಆಸಾಮಿ. ಆದರೂ ಬಗ್ಗಿ ನೋಡಿ, ಎರಡು ಸಲ ಓದಿಸಿ ಕೇಳಿದ ಮೇಲೆಯೇ ಗಾಡಿ ಕಟ್ಟಿದ. ಹೊಳಲ್ಕೆರೆಯಲ್ಲಿ ಇಳಿಯುವಾಗ ನನಗೆ ಕೈ ಮುಗಿದ.

ಲೇಖನ ಅಚ್ಚಾಗುವ ಹೊತ್ತಿಗೆ ಪಾಳೆಗಾರ ಮತ್ತೆ ಸೋತಿದ್ದ. ಅಂದಿನಿಂದ ನಾನು ಹೊಳಲ್ಕೆರೆಗೆ ನಡೆದೇ ಹೋಗುತ್ತೇನೆ.