ಹಾರ್ಕನ್ ಎಂದರೆ ಕಿವಿಗೊಡು

ನಮ್ಮ ತಂದೆಯನ್ನು ನಾವು ಅಣ್ಣ ಎಂದೇ ಕರೆಯುತ್ತಿದ್ದೆವು. ಚಾಮರಾಜಪೇಟೆಯ ಮನೆಗೆ ರೇಡಿಯೋ ಬಂದ ಮೇಲೆ ಅಣ್ಣನ ಕಿವಿ ಅದಕ್ಕೇ ಮೀಸಲಾಯಿತು. ಸಂಜೆ ವಾರ್ತೆ ಶುರುವಾದರೆ ಮನೆಯಲ್ಲಿ ಯಾರೂ ಕೆಮ್ಮುವ ಹಾಗಿಲ್ಲ. ಯಾವುದೋ ದೂರದೇಶದ ಮಂತ್ರಿ ರಾಜೀನಾಮೆ ಕೊಟ್ಟದ್ದು ಅವರಿಗೆ ಕೇಳಿಸುತ್ತಿತ್ತು. ಎದುರಿಗೇ ನಿಂತ ಮಗಳು, "ಅಣ್ಣಾ, ನಾನು ಇಂಟರ್‌ಮೀಡಿಯೆಟ್‌ಗೆ ಸೇರ್ತೀನಿ" ಅಂದದ್ದು ಮಾತ್ರ ಕೇಳಿಸುತ್ತಿರಲಿಲ್ಲ. "ಹೂಂ, ನೋಡೋಣ" ಅನ್ನುವರು. ಆ ಹೂಂಗೆ ಅರ್ಥವೇ ಇಲ್ಲವೆಂದು ನನಗೆ ಗೊತ್ತಿತ್ತು. ಆದರೆ ನಾನೂ ಅವರ ಮಗಳೇ ತಾನೆ, ಬಿಡುವವಳಲ್ಲ.

ಹೈಸ್ಕೂಲಿನ ಕೊನೆಯ ವರ್ಷ ನಮ್ಮ ಇಂಗ್ಲಿಷ್ ಮೇಡಂ ಪದ್ಯ ಓದುತ್ತಾ ಓದುತ್ತಾ 'ಹಾರ್ಕನ್' ಎಂಬ ಪದದ ಹತ್ತಿರ ನಿಂತುಬಿಟ್ಟರು. ಹಳೇ ಕಾಲದ ಪದ, ಈಗ ಇಂಗ್ಲಿಷರೇ ಮಾತಿನಲ್ಲಿ ಬಳಸುವುದಿಲ್ಲ ಅಂದರು. 'ಹಿಯರ್' ಇದರ ಹತ್ತಿರದ ನೆಂಟ. 'ಟೆಲ್'ನ ಬಳಗದಲ್ಲಿ ಕೊನೆಗೊಂದು 'ಕ್' ಸೇರಿ 'ಟಾಕ್' ಹುಟ್ಟಿದ ಹಾಗೆ ಇದೂ ಹುಟ್ಟಿದ್ದಂತೆ. 'ಹಾರ್ಕ್' ಅದರ ಗಿಡ್ಡ ರೂಪ. ಬೇಟೆಗಾರರು ನಾಯಿಗಳಿಗೆ ಅದನ್ನೇ ಕೂಗುತ್ತಿದ್ದರಂತೆ. "ಹಿಯರ್ ಅಂದ್ರೆ ಕಿವಿಗೆ ಬೀಳೋದು. ಹಾರ್ಕನ್ ಅಂದ್ರೆ ನಾವಾಗಿ ಕಿವಿಗೊಡೋದು" ಎಂದರು. ನನಗೆ ಮನೆಯ ರೇಡಿಯೋ ನೆನಪಾಗಿ ಹೊಟ್ಟೆ ಉರಿಯಿತು.

ಪರೀಕ್ಷೆ ಮುಗಿದದ್ದೇ ತಡ, ಮಲ್ಲೇಶ್ವರದಿಂದ ಹೆಣ್ಣು ನೋಡುವುದಕ್ಕೆ ಬಂದರು. ಶಾಸ್ತ್ರ ಗೊತ್ತಿರುವುದೇ. ಸಜ್ಜಿಗೆ, ಬಜ್ಜಿ, ಕಾಫಿ, ಆಮೇಲೆ ಹುಡುಗಿ ಒಂದು ದೇವರನಾಮ ಹಾಡಬೇಕು. ಹಾಡುವಾಗ ಎಲ್ಲರೂ ತಲೆ ಆಡಿಸುತ್ತಾರೆ. ಹಾಡು ಮುಗಿದರೆ ಅವಳ ಬಾಯಿಗೆ ಬೇರೆ ಕೆಲಸವಿಲ್ಲ. ಅಮ್ಮ ಚಾಪೆ ಹಾಸಿ ಶ್ರುತಿಪೆಟ್ಟಿಗೆಯನ್ನೂ ತಂದಿಟ್ಟಿದ್ದಳು.

ಹುಡುಗನ ಸೋದರಮಾವ ಬಜ್ಜಿ ಮುರಿಯುತ್ತಾ ತಮಾಷೆಗೆ, "ಹಾಡು ಆಮೇಲಾಗ್ಲಿ. ಇಂಗ್ಲಿಷ್ ಬರುತ್ತೇನಮ್ಮಾ? ಏನಾದ್ರೂ ಹೇಳು, ಕೇಳೋಣ" ಅಂದರು.

ಸಿಕ್ಕಿತಲ್ಲ ಅವಕಾಶ! ಹಾರ್ಕನ್ ಎಂದೆ. ಅರ್ಥ ಹೇಳಿದೆ, ಹುಟ್ಟು ಹೇಳಿದೆ, ಬೇಟೆನಾಯಿಗಳನ್ನೂ ಬಿಡಲಿಲ್ಲ. ಅವರು "ಭೇಷ್" ಎಂದು ಇನ್ನೊಂದು ಬಜ್ಜಿಗೆ ಕೈ ಹಾಕಿದರು. ನಾನು ಅಲ್ಲಿಗೇ ನಿಲ್ಲಿಸಲಿಲ್ಲ.

"ಈಗ ನೀವೆಲ್ಲಾ ದಯವಿಟ್ಟು ಕಿವಿಗೊಡಿ. ನಾನು ಕಾಲೇಜಿಗೆ ಹೋಗ್ಬೇಕು. ಓದು ಮುಗಿಯೋ ತನಕ ನಂಗೆ ಮದುವೆ ಬೇಡ."

ಅಡುಗೆಮನೆ ಬಾಗಿಲಲ್ಲಿ ಅಮ್ಮ "ಅಯ್ಯೋ ರಾಮ!" ಅಂದಳು. ಹುಡುಗನ ತಾಯಿ ಕಾಫಿ ಲೋಟ ಕೆಳಗಿಟ್ಟು, "ಮನೆಗೆ ಹೋಗಿ ತಿಳಿಸ್ತೀವಿ" ಎಂದರು. ಹಾಗಂದರೇನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ದೇವರನಾಮ ಹಾಡದೆಯೇ ಉಳಿಯಿತು.

ಅವರು ಹೋದ ಮೇಲೆ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ಮಾನ ಕಳೆದ್ಯಲ್ಲೇ!" ಅಂದಳು. ಅಣ್ಣ ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಬೈಯದಿದ್ದದ್ದಕ್ಕೇ ನನಗೆ ಹೆದರಿಕೆಯಾಯಿತು. ಸಂಜೆ ಎಂದಿನಂತೆ ರೇಡಿಯೋ ಹಾಕಿ ಮುಂದೆ ಕೂತರು. ನಾನೂ ಹೋಗಿ ಎಂದಿನಂತೆ ಎದುರಿಗೆ ನಿಂತೆ. ಇವತ್ತಲ್ಲದಿದ್ದರೆ ನಾಳೆ, ನಾಳೆಯಲ್ಲದಿದ್ದರೆ ನಾಡಿದ್ದು, ಹೀಗೇ ನಿಲ್ಲುವುದೆಂದು ನಿರ್ಧರಿಸಿದ್ದೆ.

ವಾರ್ತೆ ಶುರುವಾಯಿತು. ಅಣ್ಣ ಒಮ್ಮೆ ನನ್ನನ್ನು ನೋಡಿದರು. ಕೈ ಚಾಚಿ ರೇಡಿಯೋ ಆರಿಸಿದರು. ವಾರ್ತೆಯ ನಡುವೆ ಅದು ಆರಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇನ್ನೊಂದ್ಸಲ ಹೇಳು" ಅಂದರು.

"ಆ ಪದಾನಾ, ಅಣ್ಣಾ?"

"ಪದ ಅಲ್ಲಮ್ಮಾ. ಕಾಲೇಜಿನಲ್ಲಿ ಏನು ಓದ್ತೀಯ, ಅದನ್ನ ಹೇಳು."