ಎರಡು ಹಳಿ, ಒಂದು ಟವಲು

ಬೆಂಗಳೂರು ಸಿಟಿ ಸ್ಟೇಷನ್ನಿಗೆ ಹೋಗುವವರಿಗೆ ನನ್ನದೊಂದು ಬುದ್ಧಿಮಾತು: ಕೂಲಿಯವನ ಹತ್ತಿರ ಚೌಕಾಸಿ ಮಾಡಬೇಡಿ. ದೊಡ್ಡಬಳ್ಳಾಪುರದಲ್ಲಿ ನನ್ನನ್ನು ಬಲ್ಲವರು ಇದನ್ನು ಕೇಳಿದರೆ ಬಿದ್ದು ಬಿದ್ದು ನಕ್ಕಾರು. ನಾನು ದನದ ದಳ್ಳಾಳಿ. ಇನ್ನೊಬ್ಬರ ಎತ್ತಿನ ಹಗ್ಗ ಹಿಡಿದು ನಿಲ್ಲುತ್ತಿದ್ದವನು ಸ್ವಂತ ಮನೆ ಕಟ್ಟಿಸಿದ್ದೇ ಚೌಕಾಸಿಯಿಂದ.

ಆ ಸ್ಟೇಷನ್ನು ನಿಜವಾಗಿ ಎರಡು ಸ್ಟೇಷನ್ನು. ಮದರಾಸಿನ ಕಡೆಯ ದೊಡ್ಡ ಹಳಿ ಮೊದಲು ದಂಡಿನವರೆಗೆ, ಅಂದರೆ ಕಂಟೋನ್ಮೆಂಟಿನವರೆಗೆ, ಬಂದು ನಿಂತಿತ್ತಂತೆ; ಪೇಟೆಯ ಕಡೆಗೆ ಬಂದದ್ದು ಆಮೇಲೆ. ಮೈಸೂರಿನ ಚಿಕ್ಕ ಹಳಿ ತನ್ನ ಪಾಡಿಗೆ ತಾನು ಬಂತು. ಈಗ ಇಬ್ಬರೂ ಓರಗಿತ್ತಿಯರ ಹಾಗೆ ಒಂದೇ ಅಂಗಳದಲ್ಲಿದ್ದಾರೆ, ಒಲೆ ಮಾತ್ರ ಬೇರೆ. ಆ ಗಾಡಿ ಈ ಹಳಿಗೆ ಕೂರುವುದಿಲ್ಲ. ಮೂಟೆಯಾಗಲಿ ಮನುಷ್ಯನಾಗಲಿ, ಇಳಿದು ದಾಟಲೇಬೇಕು.

ಯುದ್ಧದ ಕಾಲ. ಬಂಗಾರಪೇಟೆಗೆ ಕೊಟ್ಟ ಮಗಳು ಗಂಗಮ್ಮನನ್ನು ಚೊಚ್ಚಲ ಹೆರಿಗೆಗೆ ಕರೆತರುತ್ತಿದ್ದೆ. ಏಳು ತುಂಬಿತ್ತು. ದೊಡ್ಡ ಗಾಡಿ ತಡವಾಗಿ ಬಂತು. ಆಚೆ ಕಡೆ ಚಿಕ್ಕ ಹಳಿಯ ಮೇಲೆ ನಮ್ಮೂರಿನ ಗಾಡಿ ಹೊರಡುವುದರಲ್ಲಿತ್ತು. ತಪ್ಪಿದರೆ ಸಿಪಾಯಿಗಳ ಆ ನೂಕುನುಗ್ಗಲಿನಲ್ಲಿ ನಾಳೆಯವರೆಗೆ ಬಸುರಿಯನ್ನು ಎಲ್ಲಿ ಮಲಗಿಸಲಿ?

ಕೂಲಿಯವನು ಬಂದ. ನನ್ನ ಕೈ ಅಭ್ಯಾಸಬಲದಿಂದ ಅವನ ಕೈಮೇಲೆ ಟವಲು ಹಾಕಿ, ಒಳಗೆ ಬೆರಳು ಅದುಮಿತು. ದನದ ವ್ಯಾಪಾರದಲ್ಲಿ ನಾವು ಬೆಲೆ ಹೇಳುವುದೇ ಹಾಗೆ.

"ನಾನೇನು ಎತ್ತಾ ಸ್ವಾಮಿ? ಬಾಯಲ್ಲಿ ಹೇಳಿ!"

"ಹೇಳಿದ್ರೆ ಪಕ್ಕದವ್ರಿಗೆ ಕೇಳಿಸ್ತದಲ್ಲಪ್ಪಾ."

"ಕೇಳಿಸ್ಲಿ ಬಿಡಿ, ಎಲ್ರಿಗೂ ಒಂದೇ ರೇಟು."

ನನಗೆ ರೋಷ ಬಂತು. ಟ್ರಂಕನ್ನು ನಾನೇ ತಲೆಗೇರಿಸಿದೆ. ಹಳಿ ದಾಟುವ ಸೇತುವೆಯ ಅರ್ಧ ಮೆಟ್ಟಿಲಿಗೆ ಮಗಳು ಕುಸಿದು ಕೂತಳು. "ಅಪ್ಪಾ, ಆಗಲ್ಲ ಕಣಪ್ಪಾ." ಮುಖ ಬಿಳಿಚಿತ್ತು. ಆಚೆ ನಮ್ಮ ಗಾಡಿ ಸಿಳ್ಳೆ ಹಾಕಿತು.

ಅಷ್ಟರಲ್ಲಿ ಟ್ರಂಕು ನನ್ನ ತಲೆಯಿಂದ ಹಗುರಾಯಿತು. ಅದೇ ಆಸಾಮಿ! "ವ್ಯಾಪಾರ ಆಮೇಲೆ ಯಜಮಾನ್ರೇ. ತಾಯಿ, ಮೆಟ್ಲು ಬೇಡ, ಇಳೀರಿ." ಪ್ಲಾಟ್‌ಫಾರಂ ತುದಿಯಲ್ಲಿ ಮೂಟೆ ದಾಟಿಸುವ ಸಪಾಟು ಹಾದಿಯಲ್ಲಿ ನಡೆಸಿಕೊಂಡು ಹೋದ. "ಬಸುರಿ ಹೆಂಗ್ಸು ಗಾರ್ಡ್ ಸಾಹೇಬ್ರೇ, ಒಂದ್ನಿಮಿಷ!" ಅಂತ ಕೂಗಿದ. ಎತ್ತಿದ ಬಾವುಟ ಕೆಳಗಿಳಿಯಿತು. ಎಷ್ಟೋ ವರ್ಷದಿಂದ ಆ ಸ್ಟೇಷನ್ನು ತುಳಿದ ನನಗೆ ಆ ಹಾದಿ ಗೊತ್ತಿರಲಿಲ್ಲ.

ಮಗಳು ಕೂತಳು. ನಾನು ಕೃತಜ್ಞತೆಯಿಂದ ಮತ್ತೆ ಟವಲಿನ ಕೆಳಗೆ ಕೈ ಚಾಚಿದೆ. ಅವನು ಕೈ ಹಿಡಿಯಲಿಲ್ಲ, ಟವಲನ್ನೇ ಎಳೆದುಕೊಂಡು ಕಿಟಕಿಗೆ ಕಟ್ಟಿದ. "ಬಿಸ್ಲು ಬೀಳ್ತದೆ ಅವ್ರಿಗೆ."

ಜನ್ಮದಲ್ಲಿ ಮೊದಲ ಸಲ ನಾನು ಬಯಲಲ್ಲಿ ಕೈ ಚಾಚಿ ದುಡ್ಡು ಕೊಟ್ಟೆ. ಅವನು ಎಣಿಸಲಿಲ್ಲ, ನಾನೂ ಎಣಿಸಿರಲಿಲ್ಲ. ಆದರೂ ಸಂಬಂಧಪಟ್ಟವರಲ್ಲಿ ಒಂದು ಅರಿಕೆ: ಈ ವಿಷಯ ನಮ್ಮ ದನದ ಸಂತೆಯವರೆಗೆ ಹೋಗದಿರಲಿ.